ಎರಿ ಹೊಲದಲ್ಲಿ ಒಬ್ಬನ ಟೆಂಟು

ತಮ್ಮಾ,

ಪಂಚಮಿ ಉಂಡಿ ತಿಂದ ಮರುದಿನವೇ ಹೊರಟು, ಕಲಘಟಗಿಯಿಂದ ಕುಂದಗೋಳ, ಅಲ್ಲಿಂದ ಅಣ್ಣಿಗೇರಿ, ಕಡೆಗೆ ನವಲಗುಂದ ಅಂತ ನಡೆದುಕೊಂಡೇ ಬರುತ್ತೇನೆ, ಹೊತ್ತು ಮುಳುಗಿದಲ್ಲಿ ಟೆಂಟು ಹೊಡೆದು ಮಲಗುತ್ತೇನೆ ಎಂದು ಹೇಳಿದ್ದೀ. ನಿಮ್ಮವ್ವ ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲಿ ಎಂಬುದು ಅವಳ ಆಸೆ. ನಾನು ಬೇಡ ಎನ್ನುವುದಿಲ್ಲ. ಹುಟ್ಟಿದ ಸೀಮೆಯನ್ನು ಕಾಲಿನಿಂದ ಅಳೆದು ನೋಡುವ ಮನಸ್ಸು ಈಗಿನ ಹುಡುಗರಲ್ಲಿ ಬಂದರೆ ಅದನ್ನು ಚಿವುಟಬಾರದು. ಆದರೆ ಶ್ರಾವಣದ ಮಳೆಯಲ್ಲಿ ಒಬ್ಬನೇ ಬಯಲಲ್ಲಿ ಮಲಗುವವನಿಗೆ ಹೇಳಬೇಕಾದ ಮಾತು ಕೆಲವಿವೆ. ದೊಡ್ಡಪ್ಪ ಉದ್ದ ಮಾಡುತ್ತಾನೆ ಎನ್ನದೆ ಓದು.

ಮೊನ್ನೆ ಹಿತ್ತಲಲ್ಲಿ ನೀನು ಟೆಂಟು ಬಿಡಿಸಿ ನಿಲ್ಲಿಸಿದಾಗ ಸುತ್ತು ಹಾಕಿ ನೋಡಿದೆ. ಒಂದು ಕಿಲೋ ಆಸುಪಾಸಿನ ತೂಕ. ಹೊರಗೆ ಸಿಲಿಕಾನ್ ಲೇಪದ ತೆಳು ನೈಲಾನು, ಒಳಗೆ ಸೊಳ್ಳೆಪರದೆಯಂಥ ಬಟ್ಟೆ, ಅದಕ್ಕೆ ಕೂಡಿಸಿ ಹೊಲಿದ ತಳ. ಬೇರೆ ಕಂಬವಿಲ್ಲ, ನೀನು ಊರಿಕೊಂಡು ನಡೆಯುವ ಅಲ್ಯೂಮಿನಿಯಂ ಕೋಲೇ ಕಂಬ. ಒಳ್ಳೆಯ ವಸ್ತು, ಕೆಲಸ ಬಲ್ಲವರು ಹೊಲಿದದ್ದು. ಆದರೆ ಅದು ತನ್ನಷ್ಟಕ್ಕೆ ತಾನು ನಿಲ್ಲುವುದಿಲ್ಲ, ನೆಲ ಹಿಡಿದುಕೊಂಡರೆ ಮಾತ್ರ ನಿಲ್ಲುತ್ತದೆ. ಗೂಟ ಗಟ್ಟಿಯಿರುವ ತನಕ ಅದು ಮನೆ. ನಡುರಾತ್ರಿ ಗಾಳಿಗೆ ಒಂದು ಗೂಟ ಕಿತ್ತರೆ ಕೋಲು ವಾಲುತ್ತದೆ, ಒದ್ದೆ ಬಟ್ಟೆಯೆಲ್ಲ ಮೈಮೇಲೆ ಬೀಳುತ್ತದೆ. ಅದಕ್ಕೇ ನನ್ನ ಮಾತೆಲ್ಲ ಟೆಂಟಿಗಿಂತ ಹೆಚ್ಚಾಗಿ ನೆಲದ ಬಗ್ಗೆ. ಎಲ್ಲಿ ಮಲಗಬೇಕು ಎಂಬುದನ್ನು ಬೆಳಕಿರುವಾಗಲೇ ಆರಿಸು, ಆ ನೆಲ ಬಲ್ಲವರನ್ನು ಕೇಳಿ ಆರಿಸು. ಇದೊಂದು ಸರಿಹೋದರೆ ಉಳಿದ ತೊಂದರೆಗಳನ್ನು ನಿಭಾಯಿಸಬಹುದು.

ನೀನು ನಡೆಯುವ ದಾರಿಯಲ್ಲಿ ಮಣ್ಣು ಎರಡು ಬಗೆ. ಕಲಘಟಗಿ ಕಡೆ ಮಸಾರಿ, ಅಲ್ಲಲ್ಲಿ ಗರಸು. ಅಲ್ಲಿ ಗೂಟ ಹೊಡೆಯಲು ಕಲ್ಲು ಬೇಕಾಗುತ್ತದೆ, ಹೊಡೆದ ಮೇಲೆ ಹಿಡಿದುಕೊಳ್ಳುತ್ತದೆ. ಮಳೆ ಬಿದ್ದರೂ ನೀರು ಇಂಗುತ್ತದೆ, ಇಲ್ಲವೇ ಹರಿದುಹೋಗುತ್ತದೆ. ಕುಂದಗೋಳ ಸೀಮೆ ಹೊಕ್ಕ ಮೇಲೆ ಅಣ್ಣಿಗೇರಿ, ನವಲಗುಂದದ ತನಕ ಬಹುಪಾಲು ಎರಿ. ಎರಿ ಭೂಮಿ ನಮಗೆ ಜೋಳ, ಕಡಲೆ, ಹತ್ತಿ ಕೊಟ್ಟ ತಾಯಿ. ಆದರೆ ಮಳೆಗಾಲದಲ್ಲಿ ಅದರ ಮೇಲೆ ಮಲಗುವವನು ಅದರ ಗುಣ ತಿಳಿದಿರಬೇಕು. ಅದರ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವುದು ಅದಕ್ಕೇ. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ಇಳಿದುಹೋಗುತ್ತದೆ. ಎರಡು ಮೂರು ಹದಮಳೆಯಾದ ಮೇಲೆ ಮಣ್ಣು ಉಬ್ಬಿ ಬಿರುಕೆಲ್ಲ ಮುಚ್ಚುತ್ತದೆ. ಆಮೇಲೆ ಬಿದ್ದ ನೀರು ಕೆಳಗೆ ಇಳಿಯುವುದು ಬಹಳ ನಿಧಾನ, ಮೇಲೆಯೇ ನಿಲ್ಲುತ್ತದೆ. ಸಂಜೆ ನೀನು ನೋಡಿದಾಗ ಹದವಾಗಿ ಕಂಡ ಹೊಲ ಬೆಳಗಿನ ಜಾವಕ್ಕೆ ಪಾದ ಮುಳುಗುವ ಕೆಸರಾಗಿರಬಹುದು. ಟೆಂಟಿನ ಬಟ್ಟೆ ಮೇಲಿನ ನೀರು ತಡೆಯುತ್ತದೆ. ತಳದಲ್ಲಿ ನೀರು ನಿಂತು, ಅದರ ಮೇಲೆ ನಿನ್ನ ಮೊಣಕೈ, ಮೊಣಕಾಲಿನ ಭಾರ ಬಿದ್ದರೆ ತೆಳು ಬಟ್ಟೆಯೊಳಗಿಂದ ಅದು ಒಸರಿ ಒಳಗೆ ಬಂದೇ ಬರುತ್ತದೆ.

ಗೂಟದ ಮಾತಿಗೆ ಬರುತ್ತೇನೆ. ಟೆಂಟಿನ ಜೊತೆ ಕೊಟ್ಟ ಗೂಟ ಸೈಕಲ್ ಕಡ್ಡಿಯಷ್ಟು ದಪ್ಪ. ಒದ್ದೆ ಎರಿಯಲ್ಲಿ ಅವು ಸಲೀಸಾಗಿ ಇಳಿಯುತ್ತವೆ, ಜೋರು ಗಾಳಿ ಬಂದರೆ ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಹೊರಗೆ ಬರುತ್ತವೆ. ಅವನ್ನು ಮನೆಯಲ್ಲಿಟ್ಟು, ಮೂರು ಏಣಿನ ಅಗಲವಾದ ಗೂಟ ಕೊಂಡುಕೋ, ಗೇಣಿಗೆ ಕಡಿಮೆಯಿಲ್ಲದ ಉದ್ದದವು. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲುವ ಹಾಗೆ ಓರೆಯಾಗಿ ಪೂರಾ ಇಳಿಸಬೇಕು. ಅಷ್ಟಕ್ಕೂ ಹಿಡಿಯದ ಕೆಸರಿದ್ದರೆ ನಮ್ಮ ಕಡೆ ಒಂದು ಉಪಾಯವಿದೆ. ಎರಿ ಹೊಲದಲ್ಲಿ ಹುಡುಕಿದರೂ ಕಲ್ಲು ಸಿಗುವುದಿಲ್ಲ, ಆದರೆ ಹೊಲದ ಬದುವಿನಲ್ಲಿ ಹೋದ ವರ್ಷದ ಹತ್ತಿಕಟ್ಟಿಗೆ ಎಲ್ಲಿಯಾದರೂ ಒಟ್ಟಿರುತ್ತಾರೆ. ಕೇಳಿ ನಾಲ್ಕು ಕಡ್ಡಿ ಇಸಿದುಕೊಂಡು, ಕೂಡಿಸಿ, ನಡುವಿಗೆ ಟೆಂಟಿನ ಹುರಿ ಬಿಗಿ. ಕುರ್ಚಿಗಿಯಿಂದ ಮೊಳದಷ್ಟು ಆಳ ತೋಡಿ, ಹುರಿ ಜಗ್ಗುವ ದಿಕ್ಕಿಗೆ ಅಡ್ಡವಾಗಿ ಆ ಕಟ್ಟನ್ನು ಮಲಗಿಸಿ, ಮಣ್ಣು ಮುಚ್ಚಿ ಮೇಲೆ ನಿಂತು ತುಳಿ. ನೆಟ್ಟ ಗೂಟ ಕಿತ್ತುಬರಬಹುದು, ಹೂತ ಗೂಟ ಅಷ್ಟು ಸುಲಭಕ್ಕೆ ಬರುವುದಿಲ್ಲ. ಗಾಳಿ ಬರುವ ಕಡೆಯ ಎರಡು ಮೂಲೆಗಾದರೂ ಹೀಗೆ ಮಾಡು. ಬೆಳಿಗ್ಗೆ ಎದ್ದು ಹೊರಡುವಾಗ ಕಟ್ಟಿಗೆ ಹೊರತೆಗೆದು, ಕುಣಿ ಮುಚ್ಚಿ, ನೆಲ ಸಮ ಮಾಡಿ ಹೋಗಬೇಕು. ಎತ್ತಿನ ಕಾಲು ಅಂಥ ಕುಣಿಯಲ್ಲಿ ಸಿಕ್ಕರೆ ಮುರಿಯುತ್ತದೆ.

ಹಾಗಾದರೆ ಎರಿ ಸೀಮೆಯಲ್ಲಿ ಮಲಗುವುದು ಎಲ್ಲಿ? ಬೆಳೆ ನಿಂತ ಹೊಲದಲ್ಲಂತೂ ಅಲ್ಲ. ಆಗ ಹೆಸರು ಬಿಡಿಸುವ ಹೊತ್ತು ಹತ್ತಿರ ಬಂದಿರುತ್ತದೆ, ಹತ್ತಿ, ಮೆಣಸಿನಗಿಡ ಎಳೆಯವಿರುತ್ತವೆ. ಒಂದು ಸಾಲು ತುಳಿದರೂ ಅದು ಒಬ್ಬರ ಅನ್ನ. ಹಿಂಗಾರಿಗೆಂದು ಖಾಲಿ ಬಿಟ್ಟ ಹೊಲ ಕಣ್ಣಿಗೆ ಬಿದ್ದರೂ ಮೋಸ ಹೋಗಬೇಡ, ಹರಗಿದ ಮಣ್ಣು ಎಲ್ಲಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ. ಕರಕಿ ಬೆಳೆದ ಅಗಲವಾದ ಬದು, ಎತ್ತರದ ಕಣದ ಜಾಗ, ಊರ ಹೊರಗಿನ ಶಾಲೆಯ ಅಂಗಳ, ಗುಡಿಯ ಪೌಳಿ, ಇವು ಜಾಗ. ಬೇರು ಹೆಣೆದ ಹುಲ್ಲು ಗೂಟವನ್ನೂ ಹಿಡಿಯುತ್ತದೆ, ಕೆಸರನ್ನೂ ತಡೆಯುತ್ತದೆ. ತುಸು ಇಳಿಜಾರಿರಲಿ, ತಲೆ ಮೇಲಿನ ಕಡೆಗೆ ಬರಲಿ. ಟೆಂಟಿನ ಸುತ್ತ ಕಾಲುವೆ ತೋಡುವ ಹಳೆಯ ಪದ್ಧತಿ ನಿನಗೂ ಯಾರಾದರೂ ಹೇಳಿಕೊಟ್ಟಿರಬಹುದು. ಬೇರೆಯವರ ನೆಲ ಕೆಡಿಸಬೇಡ. ಎರಿಯಲ್ಲಿ ಆ ಕಾಲುವೆ ಸ್ವಲ್ಪ ಹೊತ್ತಿಗೆ ರಾಡಿಯ ಗುಂಡಿಯಾಗಿ ನಿಲ್ಲುತ್ತದೆ, ಅಷ್ಟೇ ಲಾಭ. ತಳಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯ ಅಂಚು ಎಲ್ಲ ಕಡೆಯಿಂದಲೂ ಟೆಂಟಿನ ಒಳಗೇ ಮಡಚಿರಬೇಕು. ಒಂದು ಬೆರಳಷ್ಟು ಹೊರಗೆ ಚಾಚಿದರೂ ಮೇಲಿನಿಂದ ಇಳಿದ ನೀರನ್ನು ಹಿಡಿದು ನಿನ್ನ ಬೆನ್ನ ಕೆಳಗೆ ತಂದುಬಿಡುತ್ತದೆ. ಹಾಸುವ ಮುಂಚೆ ನೆಲವನ್ನು ಅಂಗೈಯಿಂದ ಸವರಿ ನೋಡು, ಜಾಲಿಮುಳ್ಳು ಒಂದೇ ಸಾಕು.

ಇನ್ನು ಹಳ್ಳದ ಮಾತು. ಇದನ್ನು ಎರಡು ಸಲ ಓದು.

ನಮ್ಮ ಜಿಲ್ಲೆ ನೀರು ಹಂಚುವ ದಿಣ್ಣೆಯ ಮೇಲಿದೆ. ನೀನು ಹೊರಡುವ ಕಡೆ ಬಿದ್ದ ಮಳೆ ಬೇಡ್ತಿಗೆ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎನಿಸಿಕೊಂಡು ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ನೀನು ಬಂದು ಮುಟ್ಟುವ ಕಡೆಯ ಮಳೆ ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಬೆಣ್ಣಿಹಳ್ಳ ಹುಟ್ಟುವುದು ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದ ತಾಲ್ಲೂಕುಗಳನ್ನು ಹಾದು, ತುಪ್ಪರಿಹಳ್ಳವನ್ನೂ ಕೂಡಿಸಿಕೊಂಡು, ಮೆಣಸಗಿ ಹತ್ತಿರ ಮಲಪ್ರಭೆ ಸೇರುತ್ತದೆ. ಬೇಸಿಗೆಯಲ್ಲಿ ನೋಡಿದವನು ಇದು ಹಳ್ಳವೇ ಎಂದು ಕೇಳುತ್ತಾನೆ. ಯಮನೂರ ಜಾತ್ರೆಗೆ ಬಂದ ಮಂದಿ ಅದರಲ್ಲೇ ಇಳಿದು ಮಿಂದು ಹೋಗುತ್ತಾರೆ. ಮಳೆಗಾಲದಲ್ಲಿ ಅದರ ರೂಪವೇ ಬೇರೆ. ದಂಡೆ ತಗ್ಗು, ಒಡಲಲ್ಲಿ ಹೂಳು, ನಡುವೆಯೇ ಬಳ್ಳಾರಿ ಜಾಲಿಯ ಕಂಟಿ. ನೀರು ಹಿಡಿಸದೆ ಎರಡೂ ಕಡೆಯ ಹೊಲಕ್ಕೆ ಹರಡಿಬಿಡುತ್ತದೆ. 2019ರ ಆಗಸ್ಟ್ ಮೊದಲ ವಾರದ ಮಳೆ ನೆನಪಿಸಿಕೋ. ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ಉಕ್ಕಿ ನವಲಗುಂದ ಸೀಮೆಯ ಹಳ್ಳಿಗಳಿಗೆ ನುಗ್ಗಿದವು, ಮಂದಿ ಮನೆ ಬಿಟ್ಟು ಶಾಲೆಗಳಲ್ಲಿ ಉಳಿಯಬೇಕಾಯಿತು. ಅದೂ ಶ್ರಾವಣವೇ, ಪಂಚಮಿಯ ಹೊತ್ತೇ.

ಬೆಣ್ಣಿಹಳ್ಳದ ಕೆಟ್ಟ ಗುಣವೆಂದರೆ ಅದು ನಿನ್ನ ತಲೆಯ ಮೇಲಿನ ಮೋಡ ನೋಡಿ ಬರುವುದಿಲ್ಲ. ಶಿಗ್ಗಾವಿ, ಕುಂದಗೋಳ, ಹುಬ್ಬಳ್ಳಿ ಕಡೆ ಮಧ್ಯಾಹ್ನ ಹೊಡೆದ ಮಳೆಯ ನೀರು ನವಲಗುಂದದ ಹತ್ತಿರ ರಾತ್ರಿ ಬರಬಹುದು. ನೀನು ಚುಕ್ಕಿ ನೋಡುತ್ತ ಮಲಗಿರುತ್ತೀ, ನೀರು ಸಪ್ಪಳವಿಲ್ಲದೆ ಏರಿ ಬರುತ್ತಿರುತ್ತದೆ. ಅದಕ್ಕೆ ಹಳ್ಳದ ದಂಡೆಯಲ್ಲಿ ಎಷ್ಟೇ ಚೆಂದದ ಹುಲ್ಲಿರಲಿ, ಅಲ್ಲಿ ಟೆಂಟು ಬೇಡ. ದೂರ ಎಷ್ಟಿರಬೇಕು ಎಂದು ಮಾರು, ಗಜದ ಲೆಕ್ಕ ಕೇಳಬೇಡ, ಬಯಲಿನಲ್ಲಿ ಆ ಲೆಕ್ಕ ಕೈಕೊಡುತ್ತದೆ. ಕಂಟಿಗಳನ್ನು ನೋಡು. ಹಿಂದೆ ಬಂದ ಮಹಾಪೂರ ಜಾಲಿಯ ಕೊಂಬೆಗಳಲ್ಲಿ ಒಣ ಸೊಪ್ಪೆ, ಹರಕು ಚೀಲ, ಕಸ ಸಿಕ್ಕಿಸಿ ಹೋಗಿರುತ್ತದೆ. ಕೆಲವು ಕಡೆ ಆ ಕಸ ನಿನ್ನ ಎದೆಯ ಎತ್ತರಕ್ಕೆ, ಕೆಲವು ಕಡೆ ತಲೆಗಿಂತ ಮೇಲೆ ನೇತಾಡುತ್ತಿರುತ್ತದೆ. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಅದೇ ಗುರುತು. ಅಂಥ ಕಸ ಕಾಣುವ ಕೊನೆಯ ಗಿಡವನ್ನು ದಾಟಿ, ಅದಕ್ಕಿಂತ ಎತ್ತರಕ್ಕೆ ಹೋಗು. ಹೊಲದವರು ಸಿಕ್ಕರೆ ಇನ್ನೂ ಒಳ್ಳೆಯದು. 'ಯಪ್ಪಾ, ನೀರು ಇಲ್ಲಿತನಾ ಬರ್ತಾವೇನ್ರಿ?' ಎಂದು ಕೇಳು. ಯಾವ ಸಾಲಿನಲ್ಲಿ ಎಲ್ಲಿಯತನಕ ಬಂದಿತ್ತು ಎಂದು ಬೆರಳು ಮಾಡಿ ತೋರಿಸುತ್ತಾರೆ. ನಿನ್ನ ಮೊಬೈಲಿನ ನಕಾಶೆಯಲ್ಲಿ ಆ ಗೆರೆ ಇರುವುದಿಲ್ಲ.

ಹಾದಿಯ ಮೇಲೆ ಹಳ್ಳ ಹರಿಯುತ್ತಿದ್ದರೆ ದಾಟಬೇಡ. ಮೊಣಕಾಲ ಮಟ್ಟದ ರಭಸದ ನೀರು ಸಾಕು, ಹೆಗಲ ಮೇಲೆ ಹೊರೆ ಇರುವವನನ್ನು ಬೀಳಿಸುತ್ತದೆ. ಟ್ರ್ಯಾಕ್ಟರಿನವರು ಕರೆದರೂ ಬೇಡ ಅನ್ನು. ಇಳಿಯುವತನಕ ಕುಳಿತುಕೋ, ಊರಿಗೆ ಹಿಂದಿರುಗು. ನಿನಗೆ ಯಾವ ಅವಸರವೂ ಇಲ್ಲ.

ಜಾಗ ಕೇಳುವ ಮಾತು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ದಾರಿಯಲ್ಲಿ ಕುರಿ ದಡ್ಡಿ ಕಂಡರೆ ನಿಂತು ಕುರಿಗಾಹಿಗಳನ್ನು ಮಾತಾಡಿಸು. ವರ್ಷದ ಬಹುಪಾಲು ಬಯಲಲ್ಲೇ ಕಳೆಯುವ ಜನ ಅವರು, ಹೊಲದಿಂದ ಹೊಲಕ್ಕೆ ಕುರಿ ತರುಬುತ್ತ ಹೋಗುವವರು. ಮಳೆಗಾಲ ಬಂತೆಂದರೆ ಮಲೆನಾಡಿನ ಅಂಚು ಬಿಟ್ಟು ಮಳೆ ಕಡಿಮೆಯಿರುವ ಬಯಲಿಗೆ ಹೊರಳುತ್ತಾರೆ, ಒದ್ದೆ ನೆಲದಲ್ಲಿ ನಿಂತರೆ ಕುರಿಗೆ ಕಾಲುಬೇನೆ ಬರುತ್ತದೆ. ಅವರ ಗುಡಾರ ಯಾವ ಜಾಗದಲ್ಲಿದೆ, ಬಾಯಿ ಯಾವ ಕಡೆಗಿದೆ, ಎಷ್ಟು ತಗ್ಗಾಗಿ ಕಟ್ಟಿದ್ದಾರೆ, ನೋಡು. ತಾಡಪತ್ರಿಯ ಒಂದು ತುಂಡು, ಎರಡು ಕವಲುಗೋಲು, ಒಂದು ಅಡ್ಡಗೋಲು, ಅಷ್ಟೇ. ಬೆನ್ನು ಗಾಳಿಗೆ, ಎತ್ತರ ಸೊಂಟಕ್ಕಿಂತ ಕೆಳಗೆ. ಗಾಳಿಗೆ ಹಿಡಿಯಲು ಏನೂ ಸಿಗಬಾರದು ಎಂಬುದು ಅವರ ಲೆಕ್ಕ.

ನೀನೂ ಹಾಗೆಯೇ ಮಾಡು. ಆಷಾಢ, ಶ್ರಾವಣದ ಗಾಳಿ ಪಡುವಣದಿಂದ ಬೀಸುತ್ತದೆ, ಹಗಲು ರಾತ್ರಿ ಒಂದೇ ಸವನೆ. ಟೆಂಟಿನ ಕಿರಿದಾದ ಕಾಲಿನ ತುದಿ ಪಶ್ಚಿಮಕ್ಕೆ, ಬಾಗಿಲು ಪೂರ್ವಕ್ಕೆ. ಕೋಲನ್ನು ಎರಡು ಬೆರಳು ಗಿಡ್ಡ ಮಾಡಿದರೆ ಅಂಚು ನೆಲಕ್ಕೆ ಹತ್ತಿರವಾಗಿ ಎರಚಲು ತಡೆಯುತ್ತದೆ. ನೈಲಾನು ಒದ್ದೆಯಾದರೆ ಹಿಗ್ಗುತ್ತದೆ, ಸಂಜೆ ಬಿಗಿಯಾಗಿ ಕಟ್ಟಿದ್ದು ಒಂದು ಮಳೆಗೆ ಜೋಲುಬೀಳುತ್ತದೆ. ಜೋಲುಬಿದ್ದ ಬಟ್ಟೆ ಪಟಪಟ ಬಡಿದುಕೊಳ್ಳುತ್ತ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಸಡಿಲಿಸುತ್ತದೆ. ಮಲಗುವ ಮುನ್ನ ಒಮ್ಮೆ, ರಾತ್ರಿ ಮೂತ್ರಕ್ಕೆ ಎದ್ದಾಗ ಒಮ್ಮೆ ಹುರಿಗಳನ್ನು ಬಿಗಿದು ಬಾ. ಹುರಿಯ ಗಂಟು ಕತ್ತಲಲ್ಲಿ, ಒದ್ದೆ ಬೆರಳಲ್ಲಿ ಕಟ್ಟಲು ಬಿಚ್ಚಲು ಬರುವಂತಿರಬೇಕು. ಚಕ್ಕಡಿಗೆ ಹೇರು ಬಿಗಿಯುವ ಜಗ್ಗುಗಂಟು ನಿಮ್ಮಪ್ಪನಿಗೆ ಬರುತ್ತದೆ, ಅವನಿಂದ ಕಲಿತುಕೋ.

ಕಲಘಟಗಿಯಲ್ಲಿ ನಿನ್ನ ಮೊದಲ ರಾತ್ರಿ ಬೇರೆ ಥರ ಇರುತ್ತದೆ. ಅಲ್ಲಿ ಮಳೆ ಹೊಡೆಯುವುದಕ್ಕಿಂತ ಜಿಟಿಜಿಟಿ ಹಿಡಿದುಕೊಂಡು ಕೂರುತ್ತದೆ. ಬತ್ತದ ಗದ್ದೆ, ಕೆರೆ, ಕಾಡಿನ ಅಂಚು, ಎಲ್ಲ ಕಡೆ ತಂಪು. ಬೆಳಗಿನ ಜಾವ ಎದ್ದು ಟೆಂಟಿನ ಒಳಮೈ ಮುಟ್ಟಿದರೆ ಹನಿ ಹನಿ ನೀರು. ಸೋರುತ್ತಿದೆ ಎಂದು ಗಾಬರಿಯಾಗಬೇಡ. ಅದು ಬಹುಮಟ್ಟಿಗೆ ನಿನ್ನದೇ ಉಸಿರು. ಮೈಯ ಬಿಸಿಗೆ ಎದ್ದ ಹಸಿ ಆವಿ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತದೆ. ಚಳಿಯಾಗುತ್ತದೆಂದು ಗಾಳಿಕಂಡಿ ಎಲ್ಲ ಮುಚ್ಚಿದರೆ ಹೆಚ್ಚಾಗುತ್ತದೆ. ಮೇಲಿನ ಕಂಡಿ ತೆರೆದಿರಲಿ, ಬಾಗಿಲ ಕಡೆ ಎರಚಲು ಬಾರದಷ್ಟು ಸಂದು ಇರಲಿ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. ಕೆರೆಯಂಗಳ, ತಗ್ಗು ಜಾಗಗಳಲ್ಲಿ ರಾತ್ರಿ ತಂಪು ಇಳಿದು ಕೂರುತ್ತದೆ, ಅಲ್ಲಿ ಹನಿ ಜಾಸ್ತಿ. ಒದ್ದೆ ಬಟ್ಟೆಯನ್ನು ಟೆಂಟಿನ ಒಳಗೆ ಹರವಬೇಡ, ಚೀಲದಲ್ಲಿ ಕಟ್ಟಿ ಹೊರಗಿಡು. ಒಂದು ತೆಳು ಟವೆಲ್ಲು ಕೈಗೆಟಕುವಂತಿರಲಿ, ಹನಿ ಒರೆಸಿ ಹಿಂಡಿಬಿಟ್ಟರೆ ಮುಗಿಯಿತು. ದೇವಿಕೊಪ್ಪ, ತಂಬೂರು ಕಡೆಯ ಕಾಡಿನೊಳಗೆ ಮಲಗುವ ಆಸೆ ಮಾತ್ರ ಬಿಡು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದು ತಪ್ಪು. ಆ ಕಾಡಂಚಿಗೆ ದಾಂಡೇಲಿ ಕಡೆಯಿಂದ ಆನೆ ಬಂದದ್ದೂ ಉಂಟು. ಊರ ಪಕ್ಕ, ದೀಪ ಕಾಣುವಷ್ಟು ಹತ್ತಿರ ಇರು.

ಹೊಲಿಗೆಯ ಜಾಡಿನಲ್ಲಿ ನಿಜವಾಗಿಯೂ ಸೋರುವುದುಂಟು. ಸಿಲಿಕಾನ್ ಲೇಪದ ಬಟ್ಟೆಗೆ ಸಾದಾ ಅಂಟುಪಟ್ಟಿ ಹತ್ತುವುದಿಲ್ಲ, ಸಿಲಿಕಾನ್ ಅಂಟೇ ಬೇಕು. ಹೊರಡುವ ವಾರದ ಮುಂಚೆ ಹೊಲಿಗೆಗಳ ಮೇಲೆ ಕುಂಚದಿಂದ ತೆಳ್ಳಗೆ ಸವರಿ, ಒಂದು ದಿನ ಒಣಗಲು ಬಿಟ್ಟು, ಪೈಪಿನ ನೀರು ಬಿಟ್ಟು ಪರೀಕ್ಷೆ ಮಾಡು. ಅದಾದ ಮೇಲೆ ಮಳೆ ಬೀಳುವ ಒಂದು ರಾತ್ರಿ ಹಿತ್ತಲಲ್ಲೇ ಅದರೊಳಗೆ ಮಲಗು. ಬಯಲಲ್ಲಿ ಗೊತ್ತಾಗುವ ತಪ್ಪು ಅಲ್ಲೇ ಗೊತ್ತಾಗಲಿ, ಹತ್ತು ಹೆಜ್ಜೆಯಲ್ಲಿ ಮನೆ ಇರುತ್ತದೆ.

ಸಿಡಿಲಿನ ಬಗ್ಗೆ ನಿನ್ನ ಹತ್ತಿರ ನಾನು ಕಟ್ಟುನಿಟ್ಟಾಗಿಯೇ ಮಾತಾಡಬೇಕು. ಶ್ರಾವಣದ ಪಡುವಣ ಮಳೆಯಲ್ಲಿ ಗುಡುಗು ಕಡಿಮೆ. ಆದರೆ ಮಳೆ ನಡುವೆ ಬಿಡುವು ಕೊಟ್ಟು, ನಾಲ್ಕು ದಿನ ಬಿಸಿಲು ಕಾದು, ಮಧ್ಯಾಹ್ನದ ಮೇಲೆ ಕಪ್ಪು ಮೋಡ ಗೋಪುರಗಟ್ಟಿ ಎದ್ದರೆ ಅದರ ರೀತಿ ಬೇರೆ. ಮುಂದೆ ಎಂದಾದರೂ ಭರಣಿ, ಕೃತ್ತಿಕೆಯ ಅಡ್ಡಮಳೆಯಲ್ಲೋ, ಹಸ್ತ, ಚಿತ್ತಿಯ ಹಿಂಗಾರಿಯಲ್ಲೋ ಹೊರಟರೆ ಇದೇ ಮುಖ್ಯ. ಮೊದಲು ದೂಳಿನ ಗಾಳಿ, ಅದರ ಹಿಂದೆ ತಣ್ಣನೆಯ ಗಾಳಿ, ಆಮೇಲೆ ದಪ್ಪ ಹನಿ, ಒಮ್ಮೊಮ್ಮೆ ಆಣೆಕಲ್ಲು. ಆ ಗಾಳಿಗೆ ಪಡುವಣ, ಮೂಡಣ ಎಂಬ ಕಟ್ಟಳೆಯಿಲ್ಲ, ಮೋಡ ಇದ್ದ ಕಡೆಯಿಂದ ಬರುತ್ತದೆ. ನವಲಗುಂದದ ಬಯಲು ಬಹುಪಾಲು ಸಪಾಟು, ಗಿಡ ವಿರಳ. ಅಂಥಲ್ಲಿ ನಿಂತ ಮನುಷ್ಯನೇ ಎತ್ತರ. ನಿನ್ನ ಟೆಂಟಿನ ನಡುವೆ ಇರುವುದು ಲೋಹದ ಕೋಲು. ಟೆಂಟಿನ ಬಟ್ಟೆ ಸಿಡಿಲಿಗೆ ಏನೇನೂ ಅಡ್ಡಿಯಲ್ಲ. ಒಂಟಿ ಬೇವಿನ ಗಿಡದ ಕೆಳಗೆ ಓಡುವುದು ಇನ್ನೂ ಕೇಡು. ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ, ಸಿಡಿಲಿಗೆ ಸಿಕ್ಕವರಲ್ಲಿ ಬಹಳ ಮಂದಿ ಮಳೆಗೆಂದು ಗಿಡದ ಕೆಳಗೆ ನಿಂತ ರೈತರು, ಕುರಿಗಾಹಿಗಳು.

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡು. ಶಬ್ದ ಒಂದು ಕಿಲೋಮೀಟರು ಬರಲು ಸುಮಾರು 3 ಸೆಕೆಂಡು ಹಿಡಿಯುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ, ಹೊರಡಬೇಕು. ಟೆಂಟು, ಚೀಲ ಬಿಟ್ಟು ಹೊರಡಬೇಕು. ಗೋಡೆ, ಮಾಳಿಗೆ ಗಟ್ಟಿಯಿರುವ ಮನೆ, ಶಾಲೆ, ಇಲ್ಲವೇ ಕಿಟಕಿ ಮುಚ್ಚಿದ ಬಸ್ಸು, ಕಾರು, ಇವು ಸುರಕ್ಷಿತ. ತೆರೆದ ಕಟ್ಟೆ, ಬಸ್ಸಿನ ತಂಗುದಾಣ, ತಗಡಿನ ಚಪ್ಪರ, ಟ್ರ್ಯಾಕ್ಟರ್ ಇವು ಮಳೆಗೆ ಮರೆ ಆದಾವು, ಸಿಡಿಲಿಗೆ ಆಗಲಾರವು. ಕಡೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡ. ಎಲ್ಲಿಯೂ ಹೋಗಲು ಆಗದೆ ಸಿಕ್ಕಿಕೊಂಡರೆ, ಟೆಂಟಿನಿಂದ, ಕೋಲಿನಿಂದ, ತಂತಿಬೇಲಿಯಿಂದ ದೂರ ಸರಿದು, ತಗ್ಗಿನಲ್ಲಿ ಪಾದ ಜೋಡಿಸಿ ಕುಕ್ಕರುಗಾಲಲ್ಲಿ ಕೂರು. ಮಲಗಬೇಡ, ನೆಲದೊಳಗೆ ಹರಿಯುವ ವಿದ್ಯುತ್ತಿಗೆ ಉದ್ದಕ್ಕೆ ಮಲಗಿದ ಮೈ ಹಾದಿಯಾಗುತ್ತದೆ. ಪುಣೆಯ ಹವಾಮಾನ ಸಂಸ್ಥೆಯವರು ಮಾಡಿದ 'ದಾಮಿನಿ' ಎಂಬ ಆ್ಯಪ್ ಇದೆ, ನಮ್ಮ ರಾಜ್ಯದ್ದೇ 'ಸಿಡಿಲು' ಎಂಬುದೂ ಇದೆ. ಹತ್ತಿರದಲ್ಲಿ ಸಿಡಿಲು ಬೀಳುತ್ತಿದ್ದರೆ ತಿಳಿಸುತ್ತವೆ. ಎರಡನ್ನೂ ಹಾಕಿಕೋ. ಸಂಜೆಯ ಮುನ್ಸೂಚನೆಯಲ್ಲಿ ಗುಡುಗು ಸಿಡಿಲು ಎಂದಿದ್ದರೆ ಅಂದು ಟೆಂಟು ಹೊಡೆಯಲೇ ಬೇಡ, ಊರೊಳಗೆ ಹೋಗಿ ಮಲಗು.

ಹೊದಿಕೆಯ ವಿಚಾರ. ನಿಮ್ಮಜ್ಜಿ ಹೊಲಿದ ಕೌದಿ ಒಯ್ಯುತ್ತೇನೆ ಅಂದಿಯಂತೆ. ಅವಳಿಗೆ ಖುಷಿಯಾಗುತ್ತದೆ, ನಿಜ. ಆದರೆ ಅರಿವೆಯ ಕೌದಿ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಕದಿಯುತ್ತದೆ. ಗರಿ ತುಂಬಿದ ದುಬಾರಿ ಹೊದಿಕೆ ಚೀಲವೂ ಒದ್ದೆಯಾದ ಮೇಲೆ ಮುದ್ದೆ. ನಮ್ಮ ದಖ್ಖನಿ ಕುರಿಯ ಉಣ್ಣೆಯ ಕಂಬಳಿಯನ್ನೇ ನೋಡು. ನೂಲು ಗಡುಸು, ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡಿದ್ದು, ಉಣ್ಣೆಯಲ್ಲಿ ಉಳಿದ ಜಿಡ್ಡಿಗೆ ಸಣ್ಣ ಮಳೆಯ ಹನಿ ಜಾರಿಹೋಗುತ್ತದೆ. ಪೂರಾ ನೆನೆದರೆ ಭಾರ, ಆದರೆ ನೆನೆದ ಮೇಲೂ ಬಿಸಿ ಉಳಿಸುವ ಗುಣ ಉಣ್ಣೆಗಿದೆ. ನೀನು ಹಗುರ ಎಂದು ಎಲ್ಲ ಅಳೆದು ತೂಗಿದವನು, ಇಡೀ ಕಂಬಳಿ ಹೊರು ಎನ್ನುವುದಿಲ್ಲ. ಕೃತಕ ನಾರಿನ ಹಗುರ ಹೊದಿಕೆ ಒಯ್ಯು. ಜೊತೆಗೆ ಉಣ್ಣೆಯದೊಂದು ಅಂಗಿ, ಟೊಪ್ಪಿಗೆ, ಕಾಲುಚೀಲ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ, ಟೆಂಟಿನೊಳಗೆ ಹೊಕ್ಕು ಮೈ ಒರೆಸಿಕೊಂಡ ಮೇಲಷ್ಟೇ ತೆಗೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ ಎಂದು ಹಗುರವಾಗಿ ತಿಳಿಯಬೇಡ. ನೆನೆದ ಮೈಗೆ ರಾತ್ರಿಯಿಡೀ ಗಾಳಿ ಬೀಸಿದರೆ ಶ್ರಾವಣದಲ್ಲೂ ನಡುಕ ಹತ್ತುತ್ತದೆ, ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಅದು ಅಪಾಯ. ಆಗ ಸಂಕೋಚ ಬಿಟ್ಟು ಹತ್ತಿರದ ಮನೆಯ ಬಾಗಿಲು ಬಡಿ.

ಟೆಂಟಿನ ಒಳಗೆ ಸ್ಟೋವ್ ಹಚ್ಚಬೇಡ. ಬಟ್ಟೆಗೆ ಬೆಂಕಿ ಹತ್ತುವುದು ಒಂದು ಭಯ, ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷಗಾಳಿ ಇನ್ನೂ ದೊಡ್ಡ ಭಯ. ನಮ್ಮ ಅಡುಗೆಮನೆ ಇದಕ್ಕೆ ಮೊದಲೇ ಪರಿಹಾರ ಮಾಡಿಟ್ಟಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ. ಒಲೆ ಬೇಡ, ನೀರು ಸಾಕು. ರೊಟ್ಟಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡು, ಮಳೆಯ ತಂಪಿಗೆ ಮೆತ್ತಗಾಗುತ್ತದೆ.

ಹುಳಹುಪ್ಪಡಿಯ ಭಯ ನಿಮ್ಮವ್ವನಿಗೆ ಬಹಳ. ಬಿರುಕಿನಲ್ಲಿ ನೀರು ತುಂಬಿದಾಗ ಚೇಳು, ಹಾವು ಮೇಲೆ ಬರುವುದು ನಿಜ. ಈ ಒಂದು ವಿಷಯದಲ್ಲಿ ತಳ ಕೂಡಿಸಿ ಹೊಲಿದ ನಿನ್ನ ಟೆಂಟು ಬಯಲಲ್ಲಿ ಹಾಸಿ ಮಲಗುವುದಕ್ಕಿಂತ ಎಷ್ಟೋ ಮೇಲು, ಜಿಪ್ಪು ಹಾಕಿದ್ದರೆ. ಒಂದು ನಿಮಿಷಕ್ಕೆಂದು ಹೊರಗೆ ಹೋದರೂ ಹಾಕಿ ಹೋಗು. ಬೂಟು ಝಾಡಿಸಿ ಹಾಕಿಕೋ, ಬ್ಯಾಟರಿ ಇಲ್ಲದೆ ಕತ್ತಲಲ್ಲಿ ಕಾಲಿಡಬೇಡ. ಬಾಗಿಲ ಮುಂದೆ ಹಾಸಲು ಒಂದು ಹಳೆಯ ಗೋಣಿಚೀಲ ಒಯ್ಯು. ಎರಿಯ ರಾಡಿ ಪಾದಕ್ಕೆ ಮೆತ್ತಿದರೆ ಒಂದೊಂದು ಕಾಲೂ ಎತ್ತಲಾರದಷ್ಟು ಭಾರವಾಗುತ್ತದೆ, ಅದನ್ನು ಒಳಗೆ ತಂದರೆ ರಾತ್ರಿಯೆಲ್ಲ ಅದರ ಜೊತೆಗೇ ಮಲಗಬೇಕು. ಗೋಣಿ ಮೇಲೆ ಕೂತು, ಬೂಟು ಹೊರಗೆ ಬಿಚ್ಚಿ, ಹಿಂದು ಹಿಂದಕ್ಕೆ ಸರಿದು ಒಳಗೆ ಹೋಗುವ ರೂಢಿ ಮಾಡಿಕೋ.

ಹೊತ್ತು ಮುಳುಗುವುದಕ್ಕೆ ಎರಡು ತಾಸು ಮುಂಚೆಯೇ ನಡಿಗೆ ನಿಲ್ಲಿಸು. ಆ ಹೊತ್ತಿಗೆ ಹೊಲದಿಂದ ಮನೆಗೆ ಹೊರಟವರು ದಾರಿಯಲ್ಲಿ ಸಿಗುತ್ತಾರೆ. ಯಾರ ಮಗ, ಯಾವ ಊರು, ಎಲ್ಲಿಗೆ ಹೊರಟಿ, ಯಾಕೆ ನಡೆಯುತ್ತಿ ಎಂದು ಕೇಳುತ್ತಾರೆ, ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಡು. ನಿನ್ನನ್ನು ಆ ರಾತ್ರಿ ಆ ನೆಲದಲ್ಲಿ ಇರಗೊಡುವವರು ಅವರು. ಜಾಗ ತೋರಿಸುತ್ತಾರೆ. ಹತ್ತರಲ್ಲಿ ಎಂಟು ಮಂದಿ, 'ಇಲ್ಲ್ಯಾಕ ಮಲಗತೀ ತಮ್ಮಾ, ಮನಿಗೆ ನಡಿ' ಎನ್ನುತ್ತಾರೆ. ಮೋಡ ಚದುರಿದ್ದರೆ ಕೈಮುಗಿದು ಟೆಂಟಿಗೆ ಹೋಗು. ಮೋಡ ಕಟ್ಟಿದ್ದರೆ ಅವರ ಹಿಂದೆ ಹೋಗು. ಟೆಂಟಿನಲ್ಲೇ ಮಲಗಬೇಕೆಂಬ ಹಟ ಯಾಕೆ? ಪಡಸಾಲೆಯಲ್ಲಿ ಮಲಗಿ ಆ ಊರಿನವರ ಮಾತು ಕೇಳಿದ ರಾತ್ರಿಯೂ ನಿನ್ನ ನಡಿಗೆಯ ಭಾಗವೇ. ಅವರ ಫೋನ್ ನಂಬರು ಬರೆದುಕೊಂಡು, ಎಲ್ಲಿದ್ದೀ ಎಂದು ಆ ರಾತ್ರಿಯೇ ನಿಮ್ಮವ್ವನಿಗೆ ತಿಳಿಸು. ಬೆಣ್ಣಿಹಳ್ಳದ ದಂಡೆಯ ಊರುಗಳಲ್ಲಿ ಮಳೆ ಹೊಡೆದಾಗ ಕರೆಂಟೂ ಹೋಗುತ್ತದೆ, ಫೋನೂ ಹೋಗುತ್ತದೆ, ಅದಕ್ಕೆ ಕತ್ತಲಾಗುವ ಮುಂಚೆಯೇ.

ಮಳೆ ಎರಡು ದಿನ ಬಿಡದೆ ಹಿಡಿದರೆ ನಡಿಗೆ ಅಲ್ಲಿಗೇ ನಿಲ್ಲಿಸು. ಕುಂದಗೋಳದಲ್ಲಿ ರೈಲು ನಿಲ್ದಾಣವಿದೆ, ಅಣ್ಣಿಗೇರಿಯಲ್ಲೂ ಇದೆ, ಎರಡರಿಂದಲೂ ಹುಬ್ಬಳ್ಳಿಗೆ ಬರಬಹುದು. ನವಲಗುಂದಕ್ಕೆ ರೈಲಿಲ್ಲ, ಬಸ್ಸೇ. ಹಳ್ಳ ರಸ್ತೆಗೆ ಬಂದರೆ ಅದೂ ನಿಲ್ಲುತ್ತದೆ. ಅದಕ್ಕೆ ಮುಂದೆ ಹೋಗಬೇಕೋ ಹಿಂದಿರುಗಬೇಕೋ ಎಂಬ ತೀರ್ಮಾನ ಅಣ್ಣಿಗೇರಿಯಲ್ಲೇ ಆಗಬೇಕು. ಶಿಗ್ಗಾವಿ, ಕುಂದಗೋಳ ಕಡೆ ಹಿಂದಿನ ದಿನ ಎಷ್ಟು ಮಳೆ ಆಯಿತು ಎಂದು ಕೇಳಿ ತಿಳಿದುಕೊಂಡು ತೀರ್ಮಾನ ಮಾಡು.

ಮನೆಗೆ ಬಂದ ದಿನ ಚೀಲವನ್ನು ಮೂಲೆಗೆ ಹಾಕಿ ಮಲಗಿಬಿಡಬೇಡ. ಟೆಂಟು ಬಿಚ್ಚಿ, ರಾಡಿ ಬರೀ ನೀರಿನಲ್ಲಿ ತೊಳೆದು, ಸಾಬೂನು ಹಾಕದೆ, ಪಡಸಾಲೆಯ ಹಗ್ಗದ ಮೇಲೆ ನೆರಳಲ್ಲಿ ಹರವು. ಬಿಸಿಲಿಗೆ ನೈಲಾನು ಸತ್ವ ಕಳೆದುಕೊಳ್ಳುತ್ತದೆ, ಒದ್ದೆ ಇದ್ದರೆ ಬೂಜು ಹಿಡಿಯುತ್ತದೆ, ತಳದ ಲೇಪ ಅಂಟಂಟಾಗಿ ಸುಲಿದು ಬರುತ್ತದೆ. ಜಿಪ್ಪಿನ ಹಲ್ಲಿನ ಸಂದಿಯಲ್ಲಿ ಕೂತ ಎರಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆ, ಒಣಗಿದರೆ ಅದು ಜಿಪ್ಪನ್ನು ತಿಂದುಹಾಕುತ್ತದೆ. ಗೂಟಗಳನ್ನು ಎಣಿಸಿ ಇಡು. ಒಂದು ಕಡಿಮೆಯಿದ್ದರೆ ಎಲ್ಲೋ ಒಬ್ಬರ ಹೊಲದಲ್ಲಿ ಉಳಿದಿದೆ ಎಂದರ್ಥ. ಯಾವ ಊರಿನ ಯಾರ ಹೊಲ ಎಂದು ನೆನಪು ಮಾಡಿಕೊಂಡು ಫೋನ್ ಮಾಡಿ ಹೇಳು, ಹಿಂಗಾರಿ ಬಿತ್ತನೆಗೆ ಅವರು ಕೂರಿಗೆ ಹೂಡುವ ಮುಂಚೆ.

ನಿನ್ನ ದೊಡ್ಡಪ್ಪ